ರಾಜೀನಾಮೆ ಪತ್ರ ಕೊನೆಗೆ ಕೊಡಿ

ಮೈಸೂರು ಬಿಟ್ಟು ಮಾರಿಷಸ್‌ನಲ್ಲಿ ನೆಲೆಸುತ್ತೇವೆ ಅಂದಾಗ ಎಲ್ಲರೂ ಅಲ್ಲಿನ ಬಗ್ಗೆಯೇ ಕೇಳಿದರು. ಸಮುದ್ರ ಹೇಗಿದೆ, ಊಟಕ್ಕೆ ಏನು ಸಿಗುತ್ತೆ, ಸಂಬಳ ಎಷ್ಟು. ನಮ್ಮ ತಯಾರಿಯ ಮುಕ್ಕಾಲು ಪಾಲು ಹೋಗಿದ್ದು ಇಲ್ಲಿನ ಗಂಟು ಬಿಚ್ಚುವುದಕ್ಕೆ. ಅದನ್ನು ಯಾರೂ ಕೇಳಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ವಿಭಾಗದಲ್ಲಿದ್ದೆ. ಯಜಮಾನರು ಸಕ್ಕರೆ ಕಾರ್ಖಾನೆಯ ಇಂಜಿನಿಯರ್, ಮಂಡ್ಯ ಜಿಲ್ಲೆಯ ಕಬ್ಬಿನ ನಡುವೆಯೇ ದುಡಿದವರು. ಮಾರಿಷಸ್ ಕೂಡ ಕಬ್ಬಿನ ದ್ವೀಪ. 1834ರಿಂದ ಅಲ್ಲಿಗೆ ಭಾರತದ ಕೂಲಿಗಳನ್ನು ಹಡಗಿನಲ್ಲಿ ಕರೆದುಕೊಂಡು ಹೋಗಿದ್ದೇ ಕಬ್ಬಿನ ತೋಟಕ್ಕೆ. ಇವರಿಗೆ ಅಲ್ಲಿನ ಕೆಲಸದ ಜೊತೆಗೆ ಆಕ್ಯುಪೇಷನ್ ಪರ್ಮಿಟ್ ಸಿಕ್ಕಿತು. ಕೆಲಸ ಮಾಡಲು, ವಾಸ ಮಾಡಲು ಎರಡಕ್ಕೂ ಅದೊಂದೇ ಪರ್ಮಿಟ್. ಹೆಂಡತಿ ಮಕ್ಕಳಿಗೆ ಅದರ ಮೇಲೆ ವಾಸದ ಪರ್ಮಿಟ್ ಸಿಗುತ್ತದೆ. ಕೆಲವು ವರ್ಷ ಕಳೆದ ಮೇಲೆ, ಆದಾಯದ ಷರತ್ತು ಪೂರೈಸಿದರೆ, ಕಾಯಂ ವಾಸದ ಪರ್ಮಿಟ್‌ಗೆ ಅರ್ಜಿ ಹಾಕಬಹುದು. ಪಾಸ್‌ಪೋರ್ಟ್ ಮಾತ್ರ ಭಾರತದ್ದೇ ಇರುತ್ತದೆ.

ಇವರು ಆಗಸ್ಟ್‌ನಲ್ಲೇ ಹೋದರು. ನಾನು, ಮಗ ಡಿಸೆಂಬರ್‌ನಲ್ಲಿ ಹೊರಡುತ್ತೇವೆ. ಅಲ್ಲಿ ಶಾಲೆ ಶುರುವಾಗುವುದು ಜನವರಿಯಲ್ಲಿ. ನಮ್ಮ ಜೂನ್ ಲೆಕ್ಕ ಅಲ್ಲಿ ನಡೆಯಲ್ಲ.

ಮೊದಲು ಊರು ನೋಡಿದ್ದು. ಪ್ರವಾಸಕ್ಕೆ ಹೋಗುವ ಭಾರತೀಯರಿಗೆ ಮುಂಚೆಯೇ ವೀಸಾ ತೆಗೆಯುವ ಕಾಟವಿಲ್ಲ. ಬೇಕಂತಲೇ ಫೆಬ್ರವರಿಯಲ್ಲಿ ಹೋದೆವು. ದಕ್ಷಿಣಾರ್ಧ ಗೋಳ ಅಲ್ವಾ, ಆಗ ಅಲ್ಲಿ ಬೇಸಿಗೆ, ಮಳೆ, ಚಂಡಮಾರುತ ಮೂರೂ ಒಟ್ಟಿಗೆ. 2024ರ ಜನವರಿಯಲ್ಲಿ ಬೆಲಾಲ್ ಚಂಡಮಾರುತ ಬಂದಾಗ ರಾಜಧಾನಿ ಪೋರ್ಟ್ ಲೂಯಿಯ ಬೀದಿಗಳಲ್ಲಿ ಕಾರುಗಳು ತೇಲಿಹೋಗಿದ್ದವು. ಜುಲೈ, ಆಗಸ್ಟ್‌ನಲ್ಲಿ ಹೋದರೆ ಯಾವ ಊರೂ ಚೆಂದವೇ. ಇರಲು ಹೋಗುವವರು ಕೆಟ್ಟ ತಿಂಗಳಲ್ಲೇ ನೋಡಬೇಕು.

ನಾವೂ ಉಷ್ಣವಲಯದವರೇ, ಸೆಖೆ ಹೊಸದಲ್ಲ ಅಂದುಕೊಳ್ಳುತ್ತೇವೆ. ಮೈಸೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ. ಇಲ್ಲಿ ಸಂಜೆಯಾದರೆ ಗಾಳಿ ತಣ್ಣಗಾಗುತ್ತದೆ. ಅಲ್ಲಿ ಕರಾವಳಿಯಲ್ಲಿ ರಾತ್ರಿಯೂ ಮೈ ಅಂಟಂಟು. ಹಪ್ಪಳ ಬೆಳಗಾಗುವಷ್ಟರಲ್ಲಿ ಮೆತ್ತಗಾಗುತ್ತದೆ, ಉಪ್ಪು ಗಾಳಿಗೆ ಕಿಟಕಿ ಕೀಲು ತುಕ್ಕು ಹಿಡಿಯುತ್ತದೆ. ದ್ವೀಪದ ಮಧ್ಯದ ಎತ್ತರದ ಕಡೆ, ಕ್ಯೂರ್‌ಪಿಪ್ ಸುತ್ತಮುತ್ತ, ತಂಪು ಇದೆ. ಮಳೆಯೂ ಜಾಸ್ತಿ. ಸಮುದ್ರದ ಮುಂದಿನ ಮನೆಯ ಆಸೆ ಬಿಟ್ಟು ನಾವು ಆ ಕಡೆ ಬಾಡಿಗೆ ಮನೆ ನೋಡಿದೆವು. ಕೊಳ್ಳುವ ಯೋಚನೆಯೇ ಇಲ್ಲ. ವಿದೇಶಿಯರು ಅಲ್ಲಿ ಬೇಕಾದ ಕಡೆ ಸೈಟು, ಮನೆ ಕೊಳ್ಳುವ ಹಾಗಿಲ್ಲ. ಸರ್ಕಾರ ಒಪ್ಪಿದ ಯೋಜನೆಗಳಲ್ಲಿ ಕೊಳ್ಳಬಹುದು, ಆ ಬೆಲೆ ನಮ್ಮ ಕೈಗೆ ಎಟುಕಲ್ಲ.

ಇನ್ನು ಇಲ್ಲಿನ ಕೆಲಸ. ನಾನು ಒಂದು ಹಾಳೆಯಲ್ಲಿ ಎರಡು ಪಟ್ಟಿ ಮಾಡಿದೆ. ಕೆಲಸದಲ್ಲಿ ಇರುವಾಗಲೇ ಆಗಬೇಕಾದ್ದು ಒಂದು. ನಾನು ಇಲ್ಲೇ ಖುದ್ದಾಗಿ ನಿಂತು ಸಹಿ ಹಾಕಬೇಕಾದ್ದು ಇನ್ನೊಂದು. ಎರಡರಲ್ಲೂ ಇಲ್ಲದ್ದು ಕಾಯಬಹುದು, ಅಲ್ಲಿಂದಲೂ ಮಾಡಬಹುದು. ಹೀಗೆ ಬರೆದ ಮೇಲೆ ಗೊತ್ತಾಯಿತು, ಮೊದಲು ಕೊಡಬೇಕು ಅಂತ ಎಲ್ಲರೂ ಅಂದುಕೊಳ್ಳುವ ರಾಜೀನಾಮೆ ಪತ್ರ ನಿಜಕ್ಕೂ ಕೊನೆಗೆ ಬರಬೇಕು.

ಪಿಎಫ್ ತೆಗೆದುಕೊಳ್ಳಿ. ಕೆಲಸ ಬಿಟ್ಟವರ ಅರ್ಜಿಗಳು ನನ್ನ ಮೇಜಿನ ಮೇಲೇ ಬರುತ್ತಿದ್ದವು. ಜನ ಜಾಸ್ತಿ ಸಿಕ್ಕಿಹಾಕಿಕೊಳ್ಳೋದು ಹೆಸರಿನಲ್ಲಿ. ನಮ್ಮ ಕಡೆ ಇನಿಷಿಯಲ್ ಅನ್ನೋದು ಒಂದು ತಲೆನೋವು. ಆಧಾರ್‌ನಲ್ಲಿ ಹೆಸರಿನ ಮುಂದೆ ಎರಡಕ್ಷರ, ಪ್ಯಾನ್‌ನಲ್ಲಿ ಹೆಸರಿನ ಹಿಂದೆ ಅಪ್ಪನ ಪೂರ್ತಿ ಹೆಸರು, ಪಾಸ್‌ಪೋರ್ಟ್‌ನಲ್ಲಿ ಊರಿನ ಹೆಸರೂ ಸೇರಿಕೊಂಡಿರುತ್ತದೆ. ಪಿಎಫ್ ಖಾತೆಯ ಹೆಸರು ತಿದ್ದಬೇಕಾದರೆ ಎಷ್ಟೋ ಸಲ ನೌಕರರು, ಕಂಪನಿ ಸೇರಿ ಕೊಡುವ ಜಂಟಿ ಘೋಷಣೆ ಬೇಕು, ಅದನ್ನು ಕಂಪನಿ ಒಪ್ಪಬೇಕು. ಕೆಲಸದಲ್ಲಿದ್ದರೆ ಪಕ್ಕದ ಮೇಜಿಗೆ ಹೋಗಿ ಕೇಳಿದರೆ ಆಯಿತು. ಬಿಟ್ಟ ಮೇಲೆ ಫೋನ್ ಮಾಡಿ ಮಾಡಿ ಸಾಕಾಗುತ್ತದೆ. ನಾನು ಎಲ್ಲ ಕಡೆ ಪಾಸ್‌ಪೋರ್ಟ್‌ನ ಹೆಸರಿಗೆ ಸರಿ ಮಾಡಿಸಿದ ಮೇಲೆಯೇ ಮುಂದಿನ ಮಾತು ಎತ್ತಿದೆ.

ವಿದೇಶದಲ್ಲಿ ಕಾಯಂ ನೆಲೆಸಲು ಹೋಗುವವರಿಗೆ ಪಿಎಫ್ ಪೂರ್ತಿ ವಾಪಸ್ ಪಡೆಯಲು ನಿಯಮದಲ್ಲೇ ಪ್ರತ್ಯೇಕ ಅವಕಾಶವಿದೆ. ಅದರಲ್ಲಿ ಪಿಂಚಣಿಗೆ ಅಂತ ಹೋಗುವ ಭಾಗದ ಕಥೆ ಬೇರೆ. 10 ವರ್ಷ ಸೇವೆ ದಾಟಿದವರಿಗೆ ಆ ಹಣ ಒಟ್ಟಿಗೆ ಕೈಗೆ ಬರಲ್ಲ. 10ಸಿ ಫಾರಂ ಹಾಕಿ, ಸೇವೆಯ ಲೆಕ್ಕ ದಾಖಲಾಗಿರುವ ಸ್ಕೀಮ್ ಸರ್ಟಿಫಿಕೇಟ್ ತೆಗೆದಿಟ್ಟುಕೊಳ್ಳಬೇಕು, 58ಕ್ಕೆ ಪಿಂಚಣಿ ಬರುತ್ತದೆ. ನಾನು ಅದನ್ನೇ ಮಾಡುತ್ತಿದ್ದೇನೆ.

ಗ್ರಾಚ್ಯುಟಿಯಲ್ಲಿ, ಅಂದರೆ ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಿನಲ್ಲಿ, ತಾರೀಖಿನ ಆಟ ಇದೆ. ಕೊನೆಯ ಮೂಲವೇತನ ಮತ್ತು ಡಿಎ ಸೇರಿಸಿ, 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷಗಳಿಂದ ಗುಣಿಸುತ್ತಾರೆ. ಕೊನೆಯಲ್ಲಿ ಉಳಿಯುವ ತುಂಡು ಆರು ತಿಂಗಳಿಗಿಂತ ಜಾಸ್ತಿ ಇದ್ದರೆ ಪೂರ್ತಿ ವರ್ಷ ಅಂತ ಲೆಕ್ಕ. ನನ್ನ ತುಂಡು ಆರು ತಿಂಗಳಿಗೆ ಸ್ವಲ್ಪ ಕಮ್ಮಿ ಬೀಳುತ್ತಿತ್ತು. ಕೊನೆಯ ದಿನವನ್ನು ಆ ಗೆರೆಯ ಆಚೆಗೆ ತಳ್ಳಿ ನೋಟಿಸ್ ಕೊಟ್ಟೆ. ಮ್ಯಾನೇಜರ್ ನಕ್ಕರು. ‘ಲೆಕ್ಕದವರು ಹೋಗುವಾಗಲೂ ಲೆಕ್ಕ ಬಿಡಲ್ಲ’ ಅಂದರು.

ಕಾಗದಪತ್ರದಲ್ಲಿ ನಮ್ಮನ್ನು ಅಲೆದಾಡಿಸಿದ್ದು ಮದುವೆ ಸರ್ಟಿಫಿಕೇಟ್. ಛತ್ರದಲ್ಲಿ ಊರಿಗೆಲ್ಲ ಊಟ ಹಾಕಿ ಮದುವೆಯಾಗಿದ್ದೇವೆ, ನೋಂದಣಿ ಮಾಡಿಸಿರಲಿಲ್ಲ. ನಮ್ಮ ಕಾಲದವರು ಬಹಳ ಜನ ಹೀಗೇ. ಹೆಂಡತಿ ಅಂತ ಪರ್ಮಿಟ್ ಕೇಳುವಾಗ ಫೋಟೊ ಆಲ್ಬಂ ತೋರಿಸಿದರೆ ನಡೆಯುತ್ತಾ? ಲಗ್ನಪತ್ರಿಕೆ, ಮದುವೆ ಫೋಟೊ, ಸಾಕ್ಷಿಗಳು ಎಲ್ಲ ಹೊಂದಿಸಿ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಈಗ ನೋಂದಾಯಿಸಿದೆವು. ಮಗನ ಜನನ ಪ್ರಮಾಣಪತ್ರದಲ್ಲಿ ಅವನ ಹೆಸರೇ ಇರಲಿಲ್ಲ, ಗಂಡು ಮಗು ಅಂತಷ್ಟೇ ಇತ್ತು. ಅದನ್ನೂ ಸೇರಿಸಿದ್ದಾಯಿತು. ಆಮೇಲೆ ಎಲ್ಲಕ್ಕೂ ಅಪೊಸ್ಟೀಲ್, ಅಂದರೆ ಕಾಗದ ಅಸಲಿ ಅಂತ ಬೇರೆ ದೇಶದವರೂ ಒಪ್ಪುವ ಮುದ್ರೆ. ಭಾರತ 2005ರಲ್ಲಿ ಅದರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಸೇರಿದೆ, ಮಾರಿಷಸ್ ಕೂಡ ಅದರಲ್ಲಿದೆ. ಹಾಗಾಗಿ ರಾಜ್ಯದ ದೃಢೀಕರಣದ ಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ ಬಿದ್ದರೆ ಸಾಕು, ರಾಯಭಾರ ಕಚೇರಿಯ ಮೆಟ್ಟಿಲು ಹತ್ತಬೇಕಿಲ್ಲ.

ಪೊಲೀಸ್ ಕ್ಲಿಯರೆನ್ಸ್ ಸಲೀಸಾಯಿತು, ಅದಕ್ಕೂ ಅರ್ಜಿ ಹಾಕುವುದು ಪಾಸ್‌ಪೋರ್ಟ್ ಸೇವೆಯಲ್ಲೇ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ 2017ರ ಜನವರಿಯಲ್ಲಿ ದೇಶದಲ್ಲೇ ಮೊದಲು ಶುರುವಾದ ಎರಡು ಊರುಗಳಲ್ಲಿ ಮೈಸೂರು ಒಂದು, ಇನ್ನೊಂದು ಗುಜರಾತಿನ ದಾಹೋದ್. ಈ ಒಂದು ವಿಷಯದಲ್ಲಿ ಬೆಂಗಳೂರಿಗಿಂತ ನಾವೇ ಮುಂದು.

ಈಗ ಜಮೀನಿನ ವಿಷಯ. ನಿಜವಾಗಿ ಸಮಯ ತಿಂದಿದ್ದು, ಮನಸ್ಸು ತಿಂದಿದ್ದು ಇದೇ.

ಪಾಂಡವಪುರದ ಹತ್ತಿರ ನಮ್ಮದು ನಾಲೆ ನೀರಿನ ಗದ್ದೆ. ಅಪ್ಪ ಹೋಗಿ ವರ್ಷಗಳಾದರೂ ಪಹಣಿ ಅವರ ಹೆಸರಿನಲ್ಲೇ ಇತ್ತು. ಅಣ್ಣ ಉಳುತ್ತಿದ್ದ, ಅವ್ವ ಅವನ ಜೊತೆ ಇದ್ದಳು, ನನಗೆ ವರ್ಷಕ್ಕೆ ಅಕ್ಕಿ ಮೂಟೆ, ಬೆಲ್ಲ ಬರುತ್ತಿತ್ತು. ಯಾರಿಗೂ ತಕರಾರಿಲ್ಲ, ಹಾಗಾಗಿ ಯಾರೂ ಖಾತೆಯ ಗೋಜಿಗೆ ಹೋಗಿರಲಿಲ್ಲ. ನಾನು ಹೊರಡುವ ಸುದ್ದಿ ಊರಿಗೆ ಮುಟ್ಟಿದ ಕೂಡಲೇ ಚಿಕ್ಕಪ್ಪ ಮಾತು ತೆಗೆದರು. ‘ಅಲ್ಲ ಕಣವ್ವ, ಪರದೇಶಕ್ಕೆ ಹೋಗೋಳಿಗೆ ಇಲ್ಲಿ ಭೂಮಿ ಯಾಕೆ? ಅಣ್ಣನಿಗೆ ಹಕ್ಕು ಬಿಡುಗಡೆ ಬರೆದುಕೊಟ್ಟು ನೆಮ್ಮದಿಯಾಗಿ ಹೋಗು.’ ಅವರ ಮಾತಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ. ಹೆಣ್ಣುಮಕ್ಕಳು ಹೋಗುವಾಗ ಸಹಿ ಹಾಕಿ ಹೋಗುವುದು ಅಲ್ಲಿನ ವಾಡಿಕೆ, ಅಷ್ಟೇ. ವಿದೇಶಕ್ಕೆ ಹೋದವರ ಹೆಸರಲ್ಲಿ ಹೊಲ ಗದ್ದೆ ಇರುವ ಹಾಗಿಲ್ಲ, ಸರ್ಕಾರ ಕಿತ್ತುಕೊಳ್ಳುತ್ತದೆ ಅಂತಲೂ ಯಾರೋ ಸೇರಿಸಿದರು.

ಅದು ಸುಳ್ಳು. ವಿದೇಶಿ ವಿನಿಮಯ ಕಾಯ್ದೆ, ಅಂದರೆ ಫೆಮಾ, ಹೇಳುವುದು ಇಷ್ಟು: ಅನಿವಾಸಿ ಆದ ಮೇಲೆ ಹೊಸದಾಗಿ ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವ ಹಾಗಿಲ್ಲ. ಇಲ್ಲಿ ಇದ್ದಾಗ ಬಂದದ್ದನ್ನು ಇಟ್ಟುಕೊಳ್ಳಬಹುದು. ಇಲ್ಲಿ ವಾಸಿಸುವ ತಂದೆ ತಾಯಿಯಿಂದ ವಾರಸಾಗಿ ಬಂದರೂ ಆಗುತ್ತದೆ. ಮಾರುವುದಾದರೆ ಇಲ್ಲೇ ವಾಸಿಸುವ ಭಾರತದ ಪ್ರಜೆಗೇ ಮಾರಬೇಕು. ಮಗಳಿಗೂ ಮಗನಷ್ಟೇ ಪಾಲು ಅಂತ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಲ್ಲೇ ಆಗಿದೆ. ನಾನು ಚಿಕ್ಕಪ್ಪನ ಮುಂದೆ ಕಾನೂನು ಓದಲು ಹೋಗಲಿಲ್ಲ. ಅಣ್ಣನನ್ನು ಒಬ್ಬನೇ ಕೂರಿಸಿಕೊಂಡು ಹೇಳಿದೆ, ‘ಅಣ್ಣ, ಉಳೋದು ನೀನೇ, ಬೆಳೆಯೂ ನಿನ್ನದೇ. ಹೆಸರು ಮಾತ್ರ ನನ್ನದು ಇರಲಿ. ಅಲ್ಲಿ ಏನಾದರೂ ಕೈಕೊಟ್ಟರೆ ವಾಪಸ್ ಬರೋಕೆ ನನಗೆ ಒಂದು ಜಾಗ ಬೇಕು.’ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾನೇನು ಕೇಳಿದ್ನಾ?’ ಅಂದ. ಅತ್ತಿಗೆ ಒಳಗಿನಿಂದ ಕಾಫಿ ತಂದರು, ಮಾತು ಮಾತ್ರ ಆಡಲಿಲ್ಲ. ಅವರ ಅಸಮಾಧಾನ ಇನ್ನೂ ಪೂರ್ತಿ ಹೋಗಿಲ್ಲ. ಅವರ ಜಾಗದಲ್ಲಿದ್ದರೆ ನನಗೂ ಇರುತ್ತಿತ್ತೇನೋ. ಗದ್ದೆಯಲ್ಲಿ ಬಗ್ಗಿ ನಾಟಿ ಹಾಕುವವರು ಅವರು.

ಕಾಗದದ ದಾರಿ ಹೀಗೆ. ಮರಣ ಪ್ರಮಾಣಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಇವನ್ನಿಟ್ಟು ಪೌತಿ ಖಾತೆಗೆ, ಅಂದರೆ ತೀರಿಕೊಂಡವರ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು, ಅರ್ಜಿ. ಅವ್ವ, ಅಣ್ಣ, ನಾನು ಮೂವರ ಹೆಸರು ಪಹಣಿಗೆ ಬರುತ್ತದೆ. ಆಮೇಲೆ ಸರ್ವೆಯವರಿಂದ ಯಾರ ಪಾಲು ಎಲ್ಲಿ ಅಂತ ತೋರಿಸುವ 11ಇ ಸ್ಕೆಚ್, ಅದನ್ನಿಟ್ಟುಕೊಂಡು ವಿಭಾಗ ಪತ್ರದ ನೋಂದಣಿ, ಮತ್ತೆ ಮ್ಯುಟೇಷನ್, ಅಂದರೆ ಖಾತೆ ಬದಲಾವಣೆ. ಹೇಳುವುದು ಸುಲಭ. ಅಳತೆಗೆ ಬರುವ ದಿನ ಮಳೆ, ಇಲ್ಲವೇ ಪಕ್ಕದ ಹೊಲದವರು ಊರಲ್ಲಿಲ್ಲ. ಇದೆಲ್ಲ ಮಾರಿಷಸ್‌ನಿಂದ ಫೋನಿನಲ್ಲಿ ನಡೆಸುವ ಕೆಲಸ ಅಲ್ಲವೇ ಅಲ್ಲ. ಊರಲ್ಲಿ ಜಮೀನು ಇರುವವರು ಪಾಸ್‌ಪೋರ್ಟ್‌ಗಿಂತ ಮುಂಚೆ ಪಹಣಿ ನೋಡಿ.

ಅಧಿಕಾರ ಪತ್ರ ಬರೆದುಕೊಡುವಾಗ ಎಲ್ಲಕ್ಕೂ ಸೇರಿಸಿ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಕೊಡಬೇಡಿ. ಯಾವ ಕೆಲಸ, ಯಾವ ಆಸ್ತಿ ಅಂತ ಹೆಸರಿಸಿ, ಮಾರುವ ಅಧಿಕಾರ ಇಲ್ಲ ಅಂತ ಬರೆಸಿ, ಇಲ್ಲೇ ನೋಂದಣಿ ಮಾಡಿಸಿ. ಅಲ್ಲಿ ಹೋದ ಮೇಲೆ ಬೇಕಾದರೆ ಪೋರ್ಟ್ ಲೂಯಿಯ ಭಾರತೀಯ ಹೈಕಮಿಷನ್‌ನಲ್ಲಿ ಸಹಿ ಹಾಕಿ ಕಳಿಸಬೇಕು. ಅದು ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಬ್ಯಾಂಕು, ತೆರಿಗೆ ಎರಡಕ್ಕೂ ‘ಅನಿವಾಸಿ’ಯ ಲೆಕ್ಕ ಬೇರೆ ಬೇರೆ. ನೆಲೆಸುವ ಉದ್ದೇಶದಿಂದ ಹೊರಟರೆ ಫೆಮಾ ಪ್ರಕಾರ ಆಗಿನಿಂದಲೇ ಅನಿವಾಸಿ. ಮಾಮೂಲಿ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಗಳ ಸಾಮಾನ್ಯ ಖಾತೆ, ಮಾಡಿಸಬೇಕು. ಇಲ್ಲಿನ ಬಾಡಿಗೆ, ಬಡ್ಡಿ ಎಲ್ಲ ಅದಕ್ಕೆ. ಅಲ್ಲಿ ದುಡಿದು ಕಳಿಸುವುದಕ್ಕೆ ಎನ್‌ಆರ್‌ಇ ಅನ್ನುವ ಬೇರೆ ಖಾತೆ, ಅದರ ಬಡ್ಡಿಗೆ ಇಲ್ಲಿ ತೆರಿಗೆ ಇಲ್ಲ. ಎನ್‌ಆರ್‌ಒದಿಂದ ವರ್ಷಕ್ಕೆ 10 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. ಆ ಮಿತಿ ನಮಗೆ ಅಡ್ಡ ಬರುವ ದಿನ ಬಂದರೆ ಸಂತೋಷವೇ. ಪಿಪಿಎಫ್ 15 ವರ್ಷ ಮುಗಿಯುವ ತನಕ ನಡೆಸಬಹುದು, ಮುಂದುವರಿಸಲು ಬರಲ್ಲ.

ತೆರಿಗೆಗೆ ದಿನಗಳ ಲೆಕ್ಕ. ಕೆಲಸಕ್ಕಾಗಿ ಹೊರಟವರು ಆ ಆರ್ಥಿಕ ವರ್ಷದಲ್ಲಿ ಇಲ್ಲಿ 182 ದಿನಕ್ಕಿಂತ ಕಮ್ಮಿ ಇದ್ದರೆ ಆ ವರ್ಷವೇ ಅನಿವಾಸಿ. ಆಗಸ್ಟ್‌ನಲ್ಲಿ ಹೋದ ಇವರು ಅನಿವಾಸಿ, ಡಿಸೆಂಬರ್‌ನಲ್ಲಿ ಹೊರಡುವ ನಾನು ನಿವಾಸಿ. ಒಂದೇ ಮನೆ, ಎರಡು ಲೆಕ್ಕ. ನಮ್ಮ ಆಡಿಟರ್ ಇನ್ನೊಂದು ಮಾತು ಹೇಳಿದರು. ಈ 182 ದಿನದ ರಿಯಾಯಿತಿ ಕೆಲಸಕ್ಕೆ ಹೋಗುವವರಿಗೆ ಮಾತ್ರ. ಸುಮ್ನೆ ಜೊತೆಗೆ ಹೋಗುವ ಗಂಡನಿಗೋ ಹೆಂಡತಿಗೋ ಅದು ಸಿಗಲ್ಲ.

ಇದರಿಂದ ಏಟು ಬಿದ್ದಿದ್ದು ಬಾಡಿಗೆಗೆ. ಕುವೆಂಪುನಗರದ ಮನೆ ಇವರ ಹೆಸರಿನಲ್ಲಿದೆ. ಮಾಲೀಕ ಅನಿವಾಸಿಯಾದರೆ, ಬಾಡಿಗೆ ಎಷ್ಟೇ ಇರಲಿ, ಬಾಡಿಗೆದಾರರೇ ಅದರಲ್ಲಿ ಶೇ 31.2 ಟಿಡಿಎಸ್ ಹಿಡಿದು ಕಟ್ಟಬೇಕು. ಇದನ್ನು ಮೊದಲೇ ಹೇಳಿದ್ದಕ್ಕೆ ಬಂದವರಲ್ಲಿ ಅರ್ಧ ಜನ ಅಲ್ಲೇ ವಾಪಸ್. ಕೊನೆಗೆ ಲೆಕ್ಕ ಗೊತ್ತಿರುವ ಒಂದು ಕುಟುಂಬ ಒಪ್ಪಿದೆ. ಕಡಿಮೆ ದರದಲ್ಲಿ ಹಿಡಿಯಲು ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು, ಅದಕ್ಕೆ ಅರ್ಜಿ ಹಾಕಿದ್ದೇವೆ.

ಫೋನ್ ನಂಬರ್ ಬಿಡಬೇಡಿ. ಆಧಾರ್, ಬ್ಯಾಂಕ್, ಪಿಎಫ್ ಎಲ್ಲದರ ಒಟಿಪಿ ಬರುವುದು ಅದಕ್ಕೇ. 90 ದಿನ ಬಳಸದೆ ಬಿಟ್ಟರೆ ಸಿಮ್ ನಿಲ್ಲಿಸಬಹುದು, ಆಮೇಲೆ ಆ ನಂಬರ್ ಬೇರೆಯವರ ಪಾಲು.

ಸಾಮಾನಿನ ಬಗ್ಗೆ ಹೇಳಲು ಜಾಸ್ತಿ ಇಲ್ಲ. ಅಲ್ಲೂ 230 ವೋಲ್ಟ್, ಮಿಕ್ಸಿ ಓಡುತ್ತದೆ, ಪ್ಲಗ್ ಮಾತ್ರ ಬದಲಿಸಬೇಕು. ಮರದ ಸಾಮಾನು ಎಲ್ಲ ಅಣ್ಣನ ಮನೆಗೆ. ಕರಿಬೇವಿನ ಗಿಡ, ಬಿತ್ತನೆ ಬೀಜ ಕಟ್ಟಿಕೊಂಡು ಹೋಗುವ ಹಾಗಿಲ್ಲ, ಪರವಾನಗಿ ಬೇಕು. ಅವ್ವನಿಗೆ ಇದು ಅರ್ಥವೇ ಆಗಲಿಲ್ಲ. ‘ಸೊಪ್ಪಿನ ಬೀಜಕ್ಕೂ ಪಾಸ್‌ಪೋರ್ಟಾ?’ ಅಂದಳು. ಯುಗಾದಿಗೆ ಅಲ್ಲಿ ಸರ್ಕಾರಿ ರಜೆ ಇದೆ ಅಂದಾಗ ಸ್ವಲ್ಪ ಸಮಾಧಾನವಾಯಿತು.

ಸದ್ಯಕ್ಕೆ ಉಳಿದಿರುವುದು ನನ್ನ ಸ್ಕೂಟರ್. ಜೊತೆಗೆ ಕೆಲಸ ಮಾಡುತ್ತಿದ್ದ ಗೆಳತಿಯೇ ತೆಗೆದುಕೊಳ್ಳುತ್ತಿದ್ದಾಳೆ, ದುಡ್ಡೂ ಕೊಟ್ಟಿದ್ದಾಳೆ. ಆರ್‌ಸಿ ಅವಳ ಹೆಸರಿಗೆ ಆಗುವವರೆಗೂ ಕೀ ಕೊಡಲ್ಲ ಅಂದಿದ್ದೇನೆ. ನಾಳೆ ಅದು ಯಾರಿಗೋ ತಾಗಿದರೆ ನೋಟಿಸ್ ಹುಡುಕಿಕೊಂಡು ಬರುವುದು ನನ್ನನ್ನೇ. ಅವಳು ಎರಡು ದಿನ ಮುಖ ಊದಿಸಿಕೊಂಡಿದ್ದಳು. 29, 30ನೇ ಫಾರಂ ತುಂಬಿಟ್ಟಿದ್ದೇನೆ, ಸೋಮವಾರ ಇಬ್ಬರೂ ಆರ್‌ಟಿಒಗೆ ಹೋಗುತ್ತಿದ್ದೇವೆ.