ಹಳೇ ರೈಫಲ್ ರಿಮ್‌ಫೈರೋ, ಸೆಂಟರ್‌ಫೈರೋ? ಬೋಲ್ಟ್ ಬಿಚ್ಚಿ ನೋಡಿ

ಪಾಯಿಂಟ್ ಟೂಟೂ (.22, ನಳಿಗೆಯ ರಂಧ್ರ ಸುಮಾರು 0.22 ಇಂಚು) ಅಂದರೆ ರಿಮ್‌ಫೈರ್ (ಕಾಡತೂಸಿನ ತಳದ ಅಂಚಿಗೆ ಬಡಿದರೆ ಸಿಡಿಯುವುದು), ಅದಕ್ಕಿಂತ ದೊಡ್ಡದೆಲ್ಲ ಸೆಂಟರ್‌ಫೈರ್ (ತಳದ ನಡುವೆ ಬಡಿದರೆ ಸಿಡಿಯುವುದು) ಎಂಬ ಲೆಕ್ಕ ಹಳೇ ರೈಫಲ್‌ಗಳಲ್ಲಿ ಕೈಕೊಡುತ್ತದೆ. 1860ರ ಹೆನ್ರಿ ರೈಫಲ್ .44 ಆದರೂ ರಿಮ್‌ಫೈರ್. .22 ಹಾರ್ನೆಟ್ ಸೆಂಟರ್‌ಫೈರ್. ಮಾಡೆಲ್ ಹೆಸರನ್ನೂ ನಂಬಬೇಡಿ: ವಿಂಚೆಸ್ಟರ್ 1873 ಬಹುಪಾಲು ಸೆಂಟರ್‌ಫೈರ್, ಅದರಲ್ಲೇ .22 ರಿಮ್‌ಫೈರ್ ಕೂಡ ಬಂದಿದೆ.

1. ಖಾಲಿ ಮಾಡಿ. ಮ್ಯಾಗಜೀನ್ ತೆಗೆದು, ಬೋಲ್ಟ್ (ನಳಿಗೆಯನ್ನು ಹಿಂದಿನಿಂದ ಮುಚ್ಚುವ ಲೋಹದ ತುಂಡು) ಎಳೆದು, ಚೇಂಬರನ್ನು, ಅಂದರೆ ಕಾಡತೂಸು ಕೂರುವ ಗೂಡನ್ನು, ಕಣ್ಣಾರೆ ನೋಡಿ. ನಳಿಗೆಯ ಕೆಳಗೆ ಕೊಳವೆ ಮ್ಯಾಗಜೀನ್ ಇದ್ದರೆ ಒಂದು ಕಾಡತೂಸು ಒಳಗೇ ಸಿಕ್ಕಿಕೊಂಡಿರಬಹುದು. ಒಳಕೊಳವೆ ಪೂರ್ತಿ ಹೊರಗೆಳೆಯಿರಿ.

2. ಇನ್ನು ಬೋಲ್ಟಿನ ಮುಖ. ಎಡವುವುದು ಇಲ್ಲೇ. ಸೆಂಟರ್‌ಫೈರ್ ಕಾಡತೂಸಿನ ತಳದ ನಟ್ಟನಡುವೆ ಪ್ರೈಮರ್ (ಬಡಿದರೆ ಸಿಡಿಯುವ ಪುಟ್ಟ ಬಟ್ಟಲು) ಇರುತ್ತದೆ, ಆದ್ದರಿಂದ ಅದಕ್ಕೆ ಬಡಿಯುವ ಫೈರಿಂಗ್ ಪಿನ್ನಿನ ದುಂಡು ತೂತೂ ನಡುವೆಯೇ. ರಿಮ್‌ಫೈರ್‌ನಲ್ಲಿ ಸಿಡಿಮದ್ದು ತಳದ ಅಂಚಿನ ಟೊಳ್ಳಿನಲ್ಲಿದೆ. ಪಿನ್ ಆ ಅಂಚನ್ನು ಜಜ್ಜಬೇಕು, ಹಾಗಾಗಿ ಪಿನ್ ಬರುವ ದಾರಿ ಬೋಲ್ಟ್ ಮುಖದ ಅಂಚಿನಲ್ಲಿ, ಮೇಲೋ ಕೆಳಗೋ. ಅಂಚು ಜಜ್ಜಲೆಂದೇ ಹಿತ್ತಾಳೆ ತೆಳು, ಆದ್ದರಿಂದ ಹೆಚ್ಚು ಒತ್ತಡ ತಡೆಯದು.

ಆದರೆ ಅಂಚಿನಲ್ಲಿ ಕಂಡ ಕಚ್ಚೆಲ್ಲ ಪಿನ್ನಿನದಲ್ಲ. ಖಾಲಿ ಕೇಸ್ (ಕಾಡತೂಸಿನ ಹಿತ್ತಾಳೆ ಕವಚ) ಎಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಗೂ ಅಲ್ಲೇ ಕಚ್ಚು ಇರುತ್ತದೆ. ಉಗುರಿನಿಂದ ತಳ್ಳಿ: ಪಕ್ಕಕ್ಕೆ ಸರಿದು ಸ್ಪ್ರಿಂಗಿನಂತೆ ಮರಳಿದರೆ ಕೊಕ್ಕೆ, ಹಿಂದೆ ಮುಂದೆ ಸರಿದರೆ ಪಿನ್. ಎನ್‌ಸಿಸಿ ಕೆಡೆಟ್‌ಗಳು ಹಿಡಿದ ಲೀ-ಎನ್‌ಫೀಲ್ಡ್ ನಂ. 2 ಹೊರಗಿನಿಂದ ಸೆಂಟರ್‌ಫೈರ್ ಆದ .303 ರೈಫಲಿನ ಪಡಿಯಚ್ಚು, ಬೋಲ್ಟ್ ಮುಖ ಮಾತ್ರ ರಿಮ್‌ಫೈರ್ ಅನ್ನುತ್ತದೆ.

3. ಚೇಂಬರ್ ಬಾಯಿಯ ಅಂಚು ನೋಡಿ. ಖಾಲಿ ರಿಮ್‌ಫೈರಿನ ಕುದುರೆ (ಟ್ರಿಗರ್) ಎಳೆದೆಳೆದು ಪಿನ್ ಆ ಅಂಚಿಗೇ ಬಡಿದಿದ್ದರೆ ಸಣ್ಣ ತಗ್ಗು ಇರುತ್ತದೆ, ಲೋಹ ಒಳಕ್ಕೆ ಉಬ್ಬಿ ಕೇಸ್ ಸಿಕ್ಕಿಕೊಳ್ಳುತ್ತದೆ. ಅರ ಹಾಕಬೇಡಿ, ಲೋಹ ಹೋದರೆ ಹೋಯಿತು. ಉಬ್ಬನ್ನು ಒತ್ತಿ ಹಿಂದಕ್ಕೆ ಸರಿಸುವುದು ಪರವಾನಗಿಯುಳ್ಳ ಗನ್‌ಸ್ಮಿತ್ ಕೆಲಸ.

4. ಯಾವ ರಿಮ್‌ಫೈರ್? ವಿಂಚೆಸ್ಟರ್ ಮಾಡೆಲ್ 1890ರಲ್ಲಿ ಶಾರ್ಟ್, ಲಾಂಗ್, ಲಾಂಗ್ ರೈಫಲ್, ಡಬ್ಲ್ಯುಆರ್‌ಎಫ್ (ವಿಂಚೆಸ್ಟರ್ ರಿಮ್‌ಫೈರ್) ಎಂಬ ನಾಲ್ಕು .22 ಕಾಡತೂಸುಗಳಲ್ಲಿ ಒಂದೊಂದಕ್ಕೂ ಬೇರೆ ರೈಫಲ್. 1906ನೆಯ ಮಾಡೆಲ್ ಸಾಮಾನ್ಯವಾಗಿ ಮೊದಲ ಮೂರನ್ನೂ ನುಂಗುತ್ತದೆ. ಲಾಂಗ್ ರೈಫಲ್ ಕೇಸಿನ ದಪ್ಪ 5.7 ಮಿ.ಮೀ., ಡಬ್ಲ್ಯುಆರ್‌ಎಫ್‌ನದು 6.1. ಡಬ್ಲ್ಯುಆರ್‌ಎಫ್ ಚೇಂಬರಿನಲ್ಲಿ ಲಾಂಗ್ ರೈಫಲ್ ಹಾರಿಸಿದರೆ ಕೇಸ್ ಉಬ್ಬಿ ಸೀಳುತ್ತದೆ, ಅನಿಲ ಮುಖದ ಕಡೆ ಚಿಮ್ಮುತ್ತದೆ. ನಳಿಗೆ ಬದಲಾಗಿರಬಹುದು, ಆದ್ದರಿಂದ ರೈಫಲ್ ಮೇಲೆ ಕೊರೆದ ಬರಹದ ಜತೆ 6 ಮಿ.ಮೀ. ಹಿತ್ತಾಳೆ ಸರಳನ್ನೂ ಹಿಂದಿನಿಂದ ತೂರಿಸಿ ನೋಡಿ. ಲಾಂಗ್ ರೈಫಲ್ ಚೇಂಬರಿಗೆ ಅದು ಹೋಗದು, ಡಬ್ಲ್ಯುಆರ್‌ಎಫ್‌ಗೆ ಹೋಗುತ್ತದೆ. 1959ರಲ್ಲಿ ಬಂದ, ಇನ್ನೊಂದು .22 ರಿಮ್‌ಫೈರ್ ಕಾಡತೂಸಾದ ಮ್ಯಾಗ್ನಮ್‌ಗೂ ಹೋಗುತ್ತದೆ, ಆದರೆ ಆ ಚೇಂಬರ್ ಇನ್ನೂ ಉದ್ದ. ಜೀವಂತ ಕಾಡತೂಸು ಹಾಕಿ ಪರೀಕ್ಷಿಸುವ ಚಾಳಿ ಬಿಡಿ.

ಬರಹ ಕಾಣದಿದ್ದರೆ ಎಣ್ಣೆ ಹಚ್ಚಿ, ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಹಾರ್ಡ್‌ವೇರ್ ಅಂಗಡಿಯ ಆಮ್ಲದ ತುಕ್ಕುನಿವಾರಕ ಬೇಡವೇ ಬೇಡ, ತುಕ್ಕಿನ ಜತೆ ಉಕ್ಕಿನ ಮೇಲಿನ ನೀಲಿ ಬಣ್ಣವನ್ನೂ ತಿನ್ನುತ್ತದೆ. ಕ್ರಮಸಂಖ್ಯೆ ಸಿಗಲಿಲ್ಲವೆಂದು ಯಾರೋ ಅಳಿಸಿದ್ದಾರೆ ಅಂದುಕೊಳ್ಳಬೇಡಿ: ಅಮೆರಿಕದಲ್ಲಿ 1968ರ ಕಾನೂನಿಗೆ ಮುಂಚೆ ವಿಂಚೆಸ್ಟರ್ 67ರಂಥ ಅಗ್ಗದ .22ಗಳಿಗೆ ಸಂಖ್ಯೆ ಹಾಕುತ್ತಲೇ ಇರಲಿಲ್ಲ.