ಅಪ್ಪನ ಸ್ಪ್ಲೆಂಡರಿಗೆ ನಾನೇ ಮಾಡಿಕೊಂಡ ವಾಲ್ವ್ ಸ್ಪ್ರಿಂಗ್ ಕ್ಲಾಂಪ್

ಅಪ್ಪನ ಹಳೇ ಸ್ಪ್ಲೆಂಡರ್ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ನೀಲಿ ಹೊಗೆ ಬಿಡಲು ಶುರು ಮಾಡಿತ್ತು. ಎರಡು ನಿಮಿಷ ಕಳೆದರೆ ಹೊಗೆ ಇಲ್ಲ. ಕಟಪಾಡಿಯಿಂದ ಉಡುಪಿಗೆ ಹೈವೇಯಲ್ಲಿ ಹೋಗುವಾಗಲೂ ಇಲ್ಲ. ಪಿಸ್ಟನ್ ರಿಂಗ್ ಸವೆದಿದ್ದರೆ ಆಕ್ಸಿಲರೇಟರ್ ಕೊಟ್ಟಾಗಲೆಲ್ಲ ಹೊಗೆ ಬರಬೇಕಿತ್ತು, ಅಲ್ವಾ? ರಾತ್ರಿ ನಿಂತ ಗಾಡಿ ಬೆಳಿಗ್ಗೆ ಮಾತ್ರ ಹೊಗೆ ಬಿಟ್ಟರೆ ಮೊದಲ ಅನುಮಾನ ವಾಲ್ವ್ ಸೀಲ್ ಮೇಲೆ. ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನಲ್ಲಿ ಉಳಿದ ಆಯಿಲ್, ವಾಲ್ವ್ ಜಾರುವ ಗೈಡಿನ ಸಂದಿಯಿಂದ ನಿಧಾನಕ್ಕೆ ಕೆಳಗೆ ಇಳಿದಿರುತ್ತದೆ. ಬೆಳಿಗ್ಗೆ ಅದೇ ಉರಿಯುವುದು.

ಸೀಲ್ ಅಂದರೆ ಈ ಆಯಿಲ್ ತಡೆಯುವ, ಬೆರಳ ತುದಿಯಷ್ಟು ರಬ್ಬರ್. ಬೆಲೆಯೂ ಕಡಿಮೆ. ಆದರೆ ಅದನ್ನು ಬದಲಾಯಿಸಬೇಕಾದರೆ ಹೆಡ್ ಇಳಿಸಿ, ಸ್ಪ್ರಿಂಗ್ ಒತ್ತಿ ಹಿಡಿದು, ಸ್ಪ್ರಿಂಗಿನ ಮೇಲಿರುವ ಕಪ್ಪಿನ ಒಳಗಿನ, ವಾಲ್ವನ್ನು ಹಿಡಿದಿಡುವ ಎರಡು ಪುಟ್ಟ ಲಾಕ್ ತೆಗೆಯಬೇಕು. ಹಿಂದೊಮ್ಮೆ ಒಂದು ವರ್ಕ್‌ಶಾಪಿನಲ್ಲಿ ಈ ಕೆಲಸ ನೋಡಿದ್ದೆ. ಕಪ್ಪಿನ ಮೇಲೆ ಬಾಕ್ಸ್ ಸ್ಪ್ಯಾನರ್ ಇಟ್ಟು ಸುತ್ತಿಗೆಯಿಂದ ಒಂದು ಏಟು. ಲಾಕ್ ಹಾರಿ ಹುಡುಗನ ಕಣ್ಣಿನ ಪಕ್ಕದಿಂದಲೇ ಹೋಯಿತು. ಇವತ್ತಿಗೂ ಅದು ನನ್ನ ಕಣ್ಣ ಮುಂದೆ ಇದೆ. ಅಪ್ಪನ ಗಾಡಿಗೆ ಹಾಗೆ ಮಾಡಬಾರದು ಅಂತ ಆಗಲೇ ಅಂದುಕೊಂಡಿದ್ದೆ. ಏಟು ಕೊಟ್ಟು ಬಿಚ್ಚಬಹುದು. ಮತ್ತೆ ಜೋಡಿಸುವಾಗ ಏನು ಮಾಡುವುದು?

ಆಟಿ ತಿಂಗಳ ಮಳೆ. ಹೊರಗಿನ ಕೆಲಸ ಇಲ್ಲ. ಉಡುಪಿಯ ಹಾರ್ಡ್‌ವೇರ್ ಅಂಗಡಿಯಿಂದ ಬಡಗಿಗಳು ಬಳಸುವ 6 ಇಂಚಿನ ಜಿ ಕ್ಲಾಂಪ್ ತಂದೆ. ಗುಜರಿ ಅಂಗಡಿಯಲ್ಲಿ ಅರ್ಧ ಇಂಚಿನ ಜಿಐ (ಸತು ಲೇಪಿಸಿದ) ನೀರಿನ ಪೈಪಿನ ತುಂಡು ಸಿಕ್ಕಿತು. ಈ ಪೈಪಿನ ಹೊರ ಅಳತೆ ಸುಮಾರು 21 ಮಿ.ಮೀ., ಒಳಗೆ ಸುಮಾರು 16. ವರ್ನಿಯರ್ ಹಿಡಿದು ನೋಡಿದರೆ ನಮ್ಮ ಗಾಡಿಯ ಕಪ್ಪಿನ ಅಂಚಿಗೆ ಸರಿಯಾಗಿ ಕೂರುತ್ತಿತ್ತು. ನಿಮ್ಮ ಗಾಡಿಯ ಕಪ್ ಅಳೆದೇ ಪೈಪ್ ಆರಿಸಿ. ಪೈಪ್ ಅಂಚನ್ನು ಮಾತ್ರ ಒತ್ತಬೇಕು, ನಡುವಿನ ಲಾಕಿಗೆ ತಾಗಬಾರದು.

60 ಮಿ.ಮೀ. ಉದ್ದಕ್ಕೆ ಪೈಪ್ ಕತ್ತರಿಸಿದೆ. ಸ್ಪ್ಲೆಂಡರ್ ಹೆಡ್ಡಿನಲ್ಲಿ ಸ್ಪ್ರಿಂಗ್ ಒಳಗೆ ಆಳದಲ್ಲಿ ಕೂತಿದೆ. ಟ್ಯಾಪೆಟ್ ಮುಚ್ಚಳದ ತೂತಿನಿಂದ ಪೈಪ್ ಇಳಿಸಬೇಕು, ಅದಕ್ಕೇ ಇಷ್ಟು ಉದ್ದ. ಪೈಪಿನ ಒಂದು ಬದಿಗೆ ಗ್ರೈಂಡರಿನಲ್ಲಿ ಕಿಟಕಿ ತೆಗೆದೆ: 15 ಮಿ.ಮೀ. ಅಗಲ, 25 ಎತ್ತರ. ಲಾಕ್ ತೆಗೆಯುವುದೂ ಹಾಕುವುದೂ ಈ ಕಿಟಕಿಯಿಂದಲೇ. ಕಿಟಕಿಯನ್ನು ತುದಿಯವರೆಗೆ ಕತ್ತರಿಸಬೇಡಿ. ಕೆಳಗೆ 4 ಮಿ.ಮೀ. ಬಳೆ ಉಳಿಯಬೇಕು. ಬಳೆ ಇಲ್ಲದಿದ್ದರೆ ಒತ್ತಡಕ್ಕೆ ಪೈಪ್ ಅಗಲವಾಗುತ್ತದೆ. 10 ಮಿ.ಮೀ. ಬಿಟ್ಟರೆ ಸ್ಕ್ರೂ ಡ್ರೈವರ್ ಲಾಕಿಗೆ ಮುಟ್ಟುವುದಿಲ್ಲ. ಆಮೇಲೆ ಅರ ಹಾಕಿ ತುದಿಯನ್ನು ಮಟ್ಟ ಮಾಡಿದೆ. ಗಾಜಿನ ಮೇಲೆ ನಿಲ್ಲಿಸಿದರೆ ಪೈಪ್ ಅಲುಗಾಡಬಾರದು.

ಈಗ ನಾನು ತಪ್ಪಿದ ಜಾಗ. ಪೈಪನ್ನು ಕ್ಲಾಂಪಿನ ಸ್ಕ್ರೂ ತುದಿಗೆ ವೆಲ್ಡ್ ಮಾಡಿಸಿದೆ. ಸ್ಕ್ರೂ ಒತ್ತುತ್ತದೆ, ಹಾಗಾಗಿ ಪೈಪೂ ಅಲ್ಲೇ ಇರಬೇಕು ಅಂತ ನನ್ನ ಲೆಕ್ಕ. ಮನೆಗೆ ಬಂದು ತಿರುಗಿಸಿದರೆ ಸ್ಕ್ರೂ ಜೊತೆ ಪೈಪೂ ತಿರುಗಿತು. ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಕಿಟಕಿ ಆಚೆ ಬದಿಗೆ ಹೋಗಿತ್ತು, ಕೈ ಹಾಕಲು ಜಾಗವೇ ಇಲ್ಲ. ಅದರ ಮೇಲೆ ಬೆಸುಗೆಯ ಬುಡದಲ್ಲಿ ಕ್ಲಾಂಪ್ ಬಿರುಕು ಬಿಟ್ಟಿತು. ಅಗ್ಗದ ಕ್ಲಾಂಪ್, ಬೀಡು ಕಬ್ಬಿಣ. ಸಾಮಾನ್ಯ ರಾಡಿನ ಬೆಸುಗೆ ಬೀಡಿಗೆ ನಿಲ್ಲುವುದಿಲ್ಲ.

ಮತ್ತೆ ಗ್ರಿಲ್ ಕೆಲಸದ ಅಣ್ಣನ ಬಳಿ ಹೋದೆ. ಅವರು ನೋಡಿದ ಕೂಡಲೇ ಹೇಳಿದರು: "ಪೈಪನ್ನು ತಿರುಗುವ ಕಡೆ ಹಾಕಿದ್ದು ಎಂತಕ್ಕೆ ಮಾರಾಯ? ತಿರುಗದ ಕಡೆ ಹಾಕು. ವಾಲ್ವಿನ ತಲೆಯನ್ನು ಸ್ಕ್ರೂ ಒತ್ತಲಿ."

ಅಷ್ಟೇ ವಿಷಯ. ಸಾಧನದ ಜೀವ ಇರುವುದೇ ಅಲ್ಲಿ. ಪೈಪ್ ಕ್ಲಾಂಪಿನ ಗಟ್ಟಿ ದವಡೆಯಲ್ಲಿ, ಕಿಟಕಿ ಕ್ಲಾಂಪಿನ ಬೆನ್ನಿಗೆ ವಿರುದ್ಧ, ನಮ್ಮ ಕಡೆಗೆ. ಸ್ಕ್ರೂವಿನ ತಿರುಗುವ ಪಾದ ವಾಲ್ವಿನ ತಲೆಯ ಮುಖದ ಮೇಲೆ.

ಈ ಬಾರಿ ಬೀಡಿನದ್ದು ಬೇಡ ಅಂತ ಉಕ್ಕಿನ ಫೋರ್ಜ್ಡ್ ಕ್ಲಾಂಪ್ ತಂದೆ. ಪೈಪನ್ನು ದವಡೆಗೂ ಸ್ಕ್ರೂವಿಗೂ ನಡುವೆ ಇಟ್ಟು, ದಪ್ಪ ವಾಷರ್ ಕೊಟ್ಟು ಬಿಗಿ ಮಾಡಿ ಹಿಡಿದೆವು. ಹಾಗೆ ಮಾಡಿದರೆ ಪೈಪ್ ತಾನಾಗಿಯೇ ಸ್ಕ್ರೂವಿನ ನೇರಕ್ಕೆ ಬರುತ್ತದೆ. ಸ್ಕ್ರೂವಿನ ಮರೆಗೆ (ಥ್ರೆಡ್ಡಿಗೆ) ಕಿಡಿ ಬೀಳದಂತೆ ಒದ್ದೆ ಬಟ್ಟೆ ಸುತ್ತಿದೆವು. ಎದುರುಬದುರು ಎರಡು ಟ್ಯಾಕ್ (ಚುಕ್ಕೆ ಬೆಸುಗೆ), ನೇರ ಇದೆಯಾ ಅಂತ ಪರೀಕ್ಷೆ, ಆಮೇಲೆ ಪೂರ್ತಿ ಬೆಸುಗೆ. ಪೈಪ್ ಸ್ವಲ್ಪ ವಾಲಿದರೂ ಕಪ್ ಓರೆಯಾಗುತ್ತದೆ, ಲಾಕ್ ಒಂದು ಬದಿಗೆ ಸಿಕ್ಕಿಕೊಳ್ಳುತ್ತದೆ.

ಒಂದು ಎಚ್ಚರಿಕೆ. ಜಿಐ ಪೈಪಿನ ಸತುವಿನ ಲೇಪ ಉರಿದರೆ ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ಕೆಲವು ಗಂಟೆಗಳ ನಂತರ ಚಳಿ, ಜ್ವರ, ಮೈಕೈ ನೋವು. ಮೊದಲ ಸಲ ನಾನು ಪಕ್ಕದಲ್ಲೇ ನಿಂತಿದ್ದೆ, ರಾತ್ರಿಯೆಲ್ಲ ನಡುಗಿದೆ. ಎರಡನೇ ಸಲ ಬೆಸುಗೆಯ ಜಾಗದಲ್ಲಿ ಲೇಪವನ್ನು ಪೂರ್ತಿ ಉಜ್ಜಿ ತೆಗೆದು, ಅಂಗಳದ ಗಾಳಿಗೆ ಬಂದು ಕೆಲಸ ಮಾಡಿದೆವು. ಲೇಪವಿಲ್ಲದ ಕಪ್ಪು ಎಂಎಸ್ (ಮೈಲ್ಡ್ ಸ್ಟೀಲ್) ಪೈಪ್ ಸಿಕ್ಕರೆ ಅದೇ ಒಳ್ಳೆಯದು.

ಬಿಚ್ಚುವ ಮೊದಲು ವಾಲ್ವಿನ ಮುಖದ ಕೆಳಗೆ ಮರದ ತುಂಡು ಕೊಟ್ಟು, ಕಪ್ಪಿನ ಮೇಲೆ ಹಗುರಕ್ಕೆ ಒಂದು ತಟ್ಟು ಕೊಟ್ಟೆ. ಹಳೇ ಎಂಜಿನ್ನಿನಲ್ಲಿ ಲಾಕ್ ಕಪ್ಪಿಗೆ ಕಚ್ಚಿಕೊಂಡಿರುತ್ತದೆ. ಈ ತಟ್ಟು ಅದನ್ನು ಸಡಿಲ ಮಾಡಲು ಮಾತ್ರ. ಆಮೇಲೆ ಹೆಡ್ಡು, ಕ್ಲಾಂಪು ಎರಡನ್ನೂ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಸ್ಕ್ರೂ ತಿರುಗಿಸಿದೆ. ಲಾಕ್ ಹಾರಿದರೂ ಚೀಲದಲ್ಲೇ ಬೀಳಲಿ ಅಂತ. ಕನ್ನಡಕವನ್ನೂ ಹಾಕಿಕೊಂಡಿದ್ದೆ. ಹಾರಲಿಲ್ಲ. ಚಿಕ್ಕ ಅಯಸ್ಕಾಂತಕ್ಕೆ ಎರಡೂ ಸುಮ್ನೆ ಅಂಟಿಕೊಂಡು ಬಂದವು. ಆ ಕ್ಷಣದ ಖುಷಿ ಜಾಸ್ತಿ ದಿನ ಉಳಿಯಿತು.

ಲಾಕ್ ಬಿಡುವಷ್ಟು ಮಾತ್ರ ಒತ್ತಿ. ಜಾಸ್ತಿ ಒತ್ತಿದರೆ ಕಪ್ ಕೆಳಗೆ ಹೋಗಿ ಹೊಸ ಸೀಲನ್ನೇ ಜಜ್ಜಬಹುದು. ಇನ್‌ಟೇಕ್ ಮತ್ತು ಎಕ್ಸಾಸ್ಟ್ ಸಾಮಾನುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಇಡಿ. ಸ್ಪ್ರಿಂಗಿನ ಸುತ್ತುಗಳು ಒಂದು ತುದಿಯಲ್ಲಿ ಒತ್ತೊತ್ತಾಗಿದ್ದರೆ ಆ ತುದಿ ಕೆಳಗೆ, ಹೆಡ್ಡಿನ ಕಡೆಗೆ ಬರಬೇಕು.

ಹೊಸ ಸೀಲ್ ಕೂರಿಸಿ ಜೋಡಿಸುವಾಗ ಸ್ಕ್ರೂ ಡ್ರೈವರಿನ ತುದಿಗೆ ಗ್ರೀಸ್ ಹಚ್ಚಿ ಲಾಕನ್ನು ಅಂಟಿಸಿಕೊಂಡು ಒಳಗಿಟ್ಟೆ. ಗ್ರೀಸ್ ಅದನ್ನು ವಾಲ್ವಿನ ಕಾಂಡಕ್ಕೆ ಹಿಡಿದಿಡುತ್ತದೆ. ಸ್ಕ್ರೂ ಸಡಿಲಿಸಿದ ಮೇಲೆ ಕಾಂಡದ ತುದಿಗೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಎರಡು ಸಣ್ಣ ಏಟು, ಲಾಕ್ ಸರಿಯಾಗಿ ಕೂತಿದೆಯಾ ಎಂದು ನೋಡಲು. ಕೊನೆಗೆ ಹೆಡ್ಡಿನ ಪೋರ್ಟಿಗೆ (ಗಾಳಿ, ಹೊಗೆ ಹೋಗುವ ದಾರಿಗೆ) ಸೀಮೆಎಣ್ಣೆ ಸುರಿದು ಹತ್ತು ನಿಮಿಷ ಕಾದೆ. ವಾಲ್ವಿನ ಸುತ್ತ ಒಂದು ಹನಿಯೂ ಜಿನುಗಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅಪ್ಪ ಕಿಕ್ ಹೊಡೆದು ಸೈಲೆನ್ಸರಿನ ಹಿಂದೆ ಹೋಗಿ ನಿಂತರು. ಹೊಗೆ ಇಲ್ಲ. ಮತ್ತೆ ಬಗ್ಗಿ ನೋಡಿದರು.

ಕಡಲ ಗಾಳಿಗೆ ತುಕ್ಕು ಹಿಡಿಯದಂತೆ ಕ್ಲಾಂಪಿನ ಮರೆಗೆ ಗ್ರೀಸ್ ಹಚ್ಚಿ ಶೆಡ್ಡಿನ ಮೊಳೆಗೆ ತೂಗು ಹಾಕಿದ್ದೇನೆ. ಪಕ್ಕದ ಮನೆಯ ಬುಲೆಟ್ಟಿಗೆ ಈ ಪೈಪ್ ಸಾಲದು, ಅದರ ಕಪ್ ದೊಡ್ಡದು. ಮುಂದಿನ ಸಲ ದವಡೆಗೆ ಒಂದು ನಟ್ ಬೆಸೆದು, ಬೇಕಾದ ಅಳತೆಯ ಪೈಪನ್ನು ಬೋಲ್ಟಿನಿಂದ ಬದಲಾಯಿಸುವ ಹಾಗೆ ಮಾಡುತ್ತೇನೆ. ಪೈಪಿನ ತುಂಡು ಆಗಲೇ ತಂದಿಟ್ಟಾಗಿದೆ.