ನಿಮ್ಮ ನಾಯಿ-ಬೆಕ್ಕಿಗೆ ಪಶುವೈದ್ಯರನ್ನು ಆರಿಸುವುದು ಹೇಗೆ?

ಕ್ಲಿನಿಕ್ಕಿನ ಬೋರ್ಡಿನಲ್ಲಿ ಮೊದಲು ಹುಡುಕಬೇಕಾದ್ದು ಬಿ.ವಿ.ಎಸ್ಸಿ. ಅಂಡ್ ಎ.ಎಚ್. ಎಂಬ ಪಶುವೈದ್ಯಕೀಯ ಪದವಿ. ಈಗಿನ ಪಠ್ಯಕ್ರಮದಲ್ಲಿ ಒಂದು ವರ್ಷದ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷದ ಓದು ಅದು. ಪದವಿಯ ಜೊತೆಗೆ ರಾಜ್ಯ ಪಶುವೈದ್ಯಕೀಯ ಪರಿಷತ್ತಿನ ನೋಂದಣಿಯೂ ಬೇಕು. ಚೀಟಿಯ ಮೇಲೆ ನೋಂದಣಿ ಸಂಖ್ಯೆ ಕಾಣದಿದ್ದರೆ ಸಂಕೋಚವಿಲ್ಲದೆ ಕೇಳಿ. ಡಿಪ್ಲೊಮಾ ಮಾಡಿದವರು ನೋಂದಾಯಿತ ವೈದ್ಯರ ಕೈಕೆಳಗೆ ಸಣ್ಣಪುಟ್ಟ ಚಿಕಿತ್ಸೆ ಮಾಡಬಹುದು. ಹೊಟ್ಟೆ ಕೊಯ್ಯುವ ಕೆಲಸ ಅವರದಲ್ಲ.

ಅದರ ಮೇಲೆ ಎಂ.ವಿ.ಎಸ್ಸಿ. ಎಂಬ ಸ್ನಾತಕೋತ್ತರ ಪದವಿ ಇದ್ದರೆ ಯಾವ ವಿಷಯದಲ್ಲಿ ಎಂದು ನೋಡಿ. ಮೂಳೆ ಮುರಿದರೆ ಸರ್ಜರಿ ಮತ್ತು ರೇಡಿಯಾಲಜಿ, ಕಿಡ್ನಿ ಅಥವಾ ಚರ್ಮದ ತೊಂದರೆಗೆ ಮೆಡಿಸಿನ್, ಮರಿ ಹಾಕಲು ಕಷ್ಟವಾದರೆ ಪ್ರಸೂತಿ ವಿಭಾಗದವರು. ಪಶು ಆಹಾರದಲ್ಲೋ ಕೋಳಿ ಸಾಕಣೆಯಲ್ಲೋ ಎಂ.ವಿ.ಎಸ್ಸಿ. ಮಾಡಿದವರು ಒಳ್ಳೆಯ ವೈದ್ಯರಾಗಿರಬಹುದು, ಆದರೆ ಮುರಿದ ಕಾಲಿಗೆ ಆ ಪದವಿಯಿಂದ ಪ್ರಯೋಜನ ಕಡಿಮೆ. ಬೆಕ್ಕು ಸಾಕಿದವರು ಇನ್ನೊಂದು ಪ್ರಶ್ನೆ ಕೇಳಬೇಕು: ಇಲ್ಲಿಗೆ ಬೆಕ್ಕುಗಳು ಎಷ್ಟು ಬರುತ್ತವೆ? ಬೆಕ್ಕನ್ನು ಸಣ್ಣ ನಾಯಿಯೆಂದು ಭಾವಿಸಿ ಔಷಧಿ ಕೊಟ್ಟರೆ ಅಪಾಯ. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಇದಿಷ್ಟು ಕಾಗದದ ಮಾತು. ಕೈಯ ಗುಣ ಗೊತ್ತಾಗುವುದು ಮೊದಲ ಭೇಟಿಯಲ್ಲೇ. ತೂಕ ಹಾಕಿದರೇ? ಡೋಸು ತೂಕದ ಮೇಲೆ ನಿಂತಿದೆ, ಕಣ್ಣಂದಾಜು ನಡೆಯದು. ಗುದದಲ್ಲಿ ಥರ್ಮಾಮೀಟರ್ ಇಟ್ಟರೇ? ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್, ನಮ್ಮದಕ್ಕಿಂತ ಹೆಚ್ಚು, ಹಾಗಾಗಿ ಮೈ ಮುಟ್ಟಿ ಜ್ವರ ಎನ್ನಲಾಗದು. ವಸಡಿನ ಬಣ್ಣ ನೋಡಿ, ಎದೆಗೆ ಸ್ಟೆತಸ್ಕೋಪ್ ಇಟ್ಟು, ಆಮೇಲೆ ಸಿರಿಂಜ್ ಎತ್ತುವವರು ನಂಬಿಕೆಗೆ ಅರ್ಹರು.

ನಮ್ಮಲ್ಲಿ ಜ್ವರ ಬಂದ ನಾಯಿಗೆ ಉಣ್ಣಿ (ಟಿಕ್) ಕಡಿತದಿಂದ ಬರುವ ಜ್ವರದ ಅನುಮಾನ ಸಹಜ. ರಕ್ತದ ಸ್ಮಿಯರ್ (ಗಾಜಿನ ಮೇಲೆ ಸವರಿದ ರಕ್ತದ ಪರೀಕ್ಷೆ) ಮತ್ತು ಪ್ಲೇಟ್‌ಲೆಟ್ ಎಣಿಕೆ ಮಾಡಿಸಿದರೆ ಈ ಜ್ವರ ತರುವ ರೋಗಾಣುಗಳಲ್ಲಿ ಎರ್ಲಿಕಿಯಾ ಇರಬಹುದೇ, ಬೆಬೀಸಿಯಾ ಇರಬಹುದೇ ಎಂಬ ಸುಳಿವು ಸಿಗುತ್ತದೆ. ಎರಡಕ್ಕೂ ಔಷಧಿ ಬೇರೆ. ಎರ್ಲಿಕಿಯಾಗೆ ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಸಾಮಾನ್ಯವಾಗಿ 28 ದಿನ. ನಾಯಿ ಚುರುಕಾಯಿತೆಂದು ವಾರಕ್ಕೇ ನಿಲ್ಲಿಸಿದರೆ ಜ್ವರ ಮರುಕಳಿಸಬಹುದು. ಒಂದೇ ಇಂಜೆಕ್ಷನ್‌ಗೆ ನಾಯಿ ಕುಣಿದಾಡಿದರೆ "ಇದರಲ್ಲಿ ಸ್ಟೀರಾಯ್ಡ್ ಇತ್ತಾ ಡಾಕ್ಟ್ರೇ?" ಎಂದು ಕೇಳಿ. ಸ್ಟೀರಾಯ್ಡ್‌ಗೆ ಅದರದೇ ಜಾಗವಿದೆ, ಆದರೆ ಕಾರಣ ತಿಳಿಯದೆ ಕೊಟ್ಟರೆ ಸೋಂಕನ್ನು ಮುಚ್ಚಿಹಾಕುತ್ತದೆ.

ಲಸಿಕೆ ಹಾಕುವಾಗ ಬಾಟಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನ ಫ್ರಿಜ್‌ನಿಂದಲೇ ಬಂತೇ, ಅದರ ಸ್ಟಿಕ್ಕರ್ ಲಸಿಕೆ ಪುಸ್ತಕಕ್ಕೆ ಅಂಟಿತೇ ಎಂದು ಗಮನಿಸಿ. ನಾಯಿಮರಿಗಳಿಗೆ ಪಾರ್ವೊ, ಡಿಸ್ಟೆಂಪರ್ ಎಂಬ ವೈರಸ್ ರೋಗಗಳ ಲಸಿಕೆಯ ಕೊನೆಯ ಡೋಸು 16 ವಾರ ತುಂಬಿದ ಮೇಲೆ ಬೀಳಬೇಕು. ಅದಕ್ಕೆ ಮುಂಚೆ ತಾಯಿಯಿಂದ ಬಂದ ಪ್ರತಿಕಾಯಗಳು ಲಸಿಕೆಯನ್ನೇ ನಿಷ್ಫಲಗೊಳಿಸಬಹುದು. ಲಸಿಕೆ ಹಾಕಿಸಿಯೂ ಪಾರ್ವೊ ಬಂತು ಎನ್ನುವ ದೂರಿಗೆ ಹಲವು ಸಲ ಇದೇ ಕಾರಣ.

ಸಂತಾನಹರಣ ಆಪರೇಷನ್‌ಗೆ ಮುನ್ನ ಕೇಳಬೇಕಾದ್ದು ಇನ್ನೂ ಇದೆ. ರಕ್ತಪರೀಕ್ಷೆ ಮಾಡುತ್ತೀರಾ? ಶ್ವಾಸನಾಳಕ್ಕೆ ಟ್ಯೂಬ್ ಹಾಕುತ್ತೀರಾ? ಅರಿವಳಿಕೆ ನೋಡಿಕೊಳ್ಳಲು ಬೇರೊಬ್ಬರು ಇರುತ್ತಾರಾ? ಎಚ್ಚರವಾಗುವವರೆಗೆ ಪಕ್ಕದಲ್ಲಿ ಯಾರು? ನೋವಿನ ಔಷಧಿ ಎಷ್ಟು ದಿನ? ಎಷ್ಟು ಗಂಟೆ ಉಪವಾಸ ಎಂಬುದನ್ನು ಬರೆಸಿಕೊಳ್ಳಿ. ದೊಡ್ಡ ನಾಯಿಗೆ ಹೇಳುವ ಲೆಕ್ಕ ಎಳೆಮರಿಗೆ ಹಿಡಿಸದು, ಸಕ್ಕರೆ ಅಂಶ ಕುಸಿಯುತ್ತದೆ.

ಮನೆಯಲ್ಲಿ ಹಸುವೂ ಇದ್ದರೆ ನೋವಿಗೆ ಯಾವ ಚುಚ್ಚುಮದ್ದು ಎಂದು ವಿಚಾರಿಸಿ. ಪಶುಗಳಿಗೆ ಡೈಕ್ಲೋಫಿನಾಕ್ 2006ರಿಂದ ನಿಷಿದ್ಧ: ಆ ಔಷಧಿ ಸೇರಿದ ಹೆಣ ತಿಂದ ರಣಹದ್ದುಗಳು ಕಿಡ್ನಿ ಹಾಳಾಗಿ ಸಾಯುತ್ತವೆ. ರಾಮನಗರದ ಬೆಟ್ಟದ ರಣಹದ್ದುಗಳಿಗೂ ಇದು ಅನ್ವಯ. ಅದರ ಬದಲು ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧಿ ಬರೆಯುವವರು ಇದನ್ನೆಲ್ಲ ಬಲ್ಲವರು.

ಕೊನೆಗೆ, ರಾತ್ರಿ ಹನ್ನೊಂದಕ್ಕೆ ನಾಯಿಗೆ ಫಿಟ್ಸ್ ಬಂದರೆ ಎಲ್ಲಿಗೆ ಹೋಗಬೇಕೆಂದು ಮೊದಲ ದಿನವೇ ಕೇಳಿ, ಆ ಜಾಗದ ನಂಬರನ್ನು ಫೋನಿನಲ್ಲಿ ಸೇವ್ ಮಾಡಿಕೊಳ್ಳಿ.